ಮೂರನೆಯ ಜೀವ

ನವೆಂಬರ್ ಬಂತೆಂದರೆ ಪಿಂಚಣಿದಾರರು ಖಜಾನೆ ಕಚೇರಿಗೆ ಹೋಗಿ ತಾವಿನ್ನೂ ಬದುಕಿದ್ದೇವೆಂದು ತೋರಿಸಬೇಕು. ಹಿಂದೆ ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಈಗ ನಾಡಿಗೆಲ್ಲ ವಿಡಿಯೋ ಗೇಮಿನ ಹುಚ್ಚು ಹಿಡಿದಿರುವುದರಿಂದ ಸರ್ಕಾರವೂ ಒಂದು ಗೇಮನ್ನೇ ಇಟ್ಟಿದೆ; ಕಚೇರಿಯಲ್ಲಾದರೂ ಆಡಬಹುದು, ಮೊಬೈಲಿನಲ್ಲಾದರೂ ಆಡಬಹುದು. ಪರದೆಯ ಮೇಲೆ ಓಡುವ ಗೊಂಬೆಗೆ ಮೂರು ಜೀವ. ಅದು ಗುಂಡಿಗಳನ್ನೆಲ್ಲ ಹಾರಿ ಬಾವುಟ ಮುಟ್ಟಿದರೆ ಆಡಿದವರು ಬದುಕಿದ್ದಾರೆಂದು ಅರ್ಥ.

ನಿವೃತ್ತ ಶಿಕ್ಷಕಿ ಗಿರಿಜಾಂಬ ಆಗಲೇ ಎರಡು ಸಲ ಸತ್ತಿದ್ದರು.

"ಇನ್ನೊಂದೇ ಜೀವ ಮಿಸ್, ನೋಡ್ಕೊಂಡು ಹಾರ್ಸಿ," ಎಂದ ಗುಮಾಸ್ತ ಷಡಕ್ಷರಿ. ಅವನು ಅವರ ಹಳೆಯ ವಿದ್ಯಾರ್ಥಿ. "ಕ್ಲಾಸಲ್ಲಿ ನನ್ನ ವಿಡಿಯೋ ಗೇಮ್ ಕಿತ್ಕೊಂಡ್ರಲ್ಲ, ಆಗ್ಲೇ ಒಂಚೂರು ಆಡಿ ಕಲ್ತಿದ್ದಿದ್ರೆ ಈಗ ಉಪಯೋಗಕ್ಕೆ ಬರ್ತಿತ್ತು."

ಸಾಲಿನಲ್ಲಿದ್ದ ಮುದುಕರೆಲ್ಲ "ಹಾರಿ, ಹಾರಿ!" ಎಂದು ಕೂಗಿದರು. ಗಿರಿಜಾಂಬ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಗೊಂಬೆ ಗುಂಡಿಗೆ ಬಿತ್ತು.

ಷಡಕ್ಷರಿ ಅವರ ಅರ್ಜಿಯ ಮೇಲೆ 'ಮೃತರು' ಎಂದು ಮೊಹರು ಒತ್ತಿದ.

"ಲೋ, ನಿನ್ನ ಎದುರಿಗೇ ನಿಂತಿದೀನಲ್ಲೋ!"

"ನಂಗೆ ಕಾಣ್ತೀರ ಮಿಸ್, ಕಂಪ್ಯೂಟರ್‌ಗೆ ಕಾಣ್ಬೇಕಲ್ಲ. ವಯಸ್ಸಾಯ್ತು ಅಂತ ನೆಪ ಹೇಳ್ಬೇಡಿ. ನಿಮ್ಮ ಹೆಡ್‌ಮಾಸ್ಟರ್ ಚನ್ನವೀರಯ್ಯನೋರಿಗೆ ತೊಂಬತ್ತೊಂದು. ಸೊಸೆ ಮೊಬೈಲಲ್ಲಿ ಮನೇಲೇ ಆಡಿ, ಒಂದು ಜೀವಾನೂ ಕಳ್ಕೊಳ್ದೆ ಜಿಲ್ಲೆಗೇ ಫಸ್ಟ್ ಬಂದಿದಾರೆ. ನೋಡಿ ಅಲ್ಲಿ!"

ಗಿರಿಜಾಂಬ ಗೋಡೆಯತ್ತ ತಿರುಗಿದರು. ವಿಜೇತರ ಪಟ್ಟಿಯ ಮೇಲ್ತುದಿಯಲ್ಲಿ ಚನ್ನವೀರಯ್ಯನವರ ಫೋಟೋ ನಗುತ್ತಿತ್ತು. ಹೋದ ವರ್ಷ ಅವರ ಶಿವಗಣಾರಾಧನೆಯ ದಿನ ಗಿರಿಜಾಂಬ ಹೂವಿಟ್ಟು ಕೈಮುಗಿದದ್ದು ಇದೇ ಫೋಟೋಗೆ.