ಡಿಸ್ಮಿಸ್

ಶಿವರಾಮು ಲ್ಯಾಪ್‌ಟಾಪನ್ನು ಹುದಾಳ ಕಡೆಗೆ ತಿರುಗಿಸಿ, ತೆರೆಯ ಮೇಲೆ ಬೆರಳಿನಿಂದ ಕುಟ್ಟಿದರು. ವೆಸ್ಟ್ ಬ್ಲೂಮ್‌ಫೀಲ್ಡಿನ ತಮ್ಮ ಮನೆಯನ್ನು ಬಾಡಿಗೆಗೆ ಕೇಳಿ ಬಂದವರೆಲ್ಲರ ಹೆಸರನ್ನೂ ಕೋರ್ಟಿನ ವೆಬ್‌ಸೈಟಿನಲ್ಲಿ ಹುಡುಕಿ ಹುಡುಕಿ ಅವರಿಗೆ ಸಾಕುಸಾಕಾಗಿತ್ತು.

“ಏನಮ್ಮಾ ಇದು? ಆಬರ್ನ್ ಹಿಲ್ಸ್‌ನಲ್ಲಿ ಇಂಜಿನಿಯರು ಅಂತೀಯ. ಹಳೇ ಓನರ್ ಮನೆ ಖಾಲಿ ಮಾಡ್ಸೋಕೆ ಕೇಸ್ ಹಾಕಿದಾನೆ, ಕೋರ್ಟು ನಿನ್ನ ಡಿಸ್ಮಿಸ್ ಮಾಡಿದೆ. ಇದನ್ನ ಮುಚ್ಚಿಟ್ರೆ ಹೆಂಗೆ?”

ಹುದಾ ತೆರೆಯನ್ನು ನೋಡಿದಳು, ಅವರ ಮುಖವನ್ನೂ ನೋಡಿದಳು. “ಡಿಸ್ಮಿಸ್ ಆಗಿದ್ದು ನಾ ಅಲ್ರಿ ಅಂಕಲ್, ಕೇಸು! ಹೀಟರ್ ಕೆಟ್ಟದ ಅಂತ ಸಿಟಿ ಆಫೀಸಿಗೆ ಕಂಪ್ಲೇಂಟ್ ಕೊಟ್ಟಿದ್ದೆ. ಆ ಸಿಟ್ಟಿಗೆ ಅಂವ ಕೇಸ್ ಹಾಕಿದ. ಜಡ್ಜ್ ಅದನ್ನ ತೆಗೆದು ಒಗದ್ರು. ನಾ ಗೆದ್ದೀನ್ರಿ.”

“ನಮ್ಮ ಫ್ಯಾಕ್ಟರೀಲಿ ಡಿಸ್ಮಿಸ್ ಅಂದ್ರೆ ಮನೆಗೆ ಕಳಿಸೋದು,” ಎಂದು ಗೊಣಗುತ್ತಾ ಶಿವರಾಮು ಕನ್ನಡಕ ಏರಿಸಿಕೊಂಡು ಸಾಲನ್ನು ಮತ್ತೆ ಓದಿದರು. ಆ ಪದದ ಹಿಂದೆ ‘ಕೇಸ್’ ಎಂದು ಸ್ಪಷ್ಟವಾಗಿಯೇ ಇತ್ತು.

“ಸರಿ, ಮನೆ ನಿಂಗೇ ಕಣಮ್ಮ,” ಎಂದರು. ಹುದಾಳ ಮುಖ ಅರಳಿತು. ಶಿವರಾಮುಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಹೋದ ಭಾನುವಾರ ಲತಾಶ್ರೀ ಎಂಬ ಹುಡುಗಿ ಕೈಗೂಸನ್ನು ಎತ್ತಿಕೊಂಡು ಮನೆ ಕೇಳಲು ಬಂದಿದ್ದಳು. ಅವಳ ಹೆಸರಿನ ಮುಂದೆಯೂ ಇದೇ ಪದವಿತ್ತು. “ಯಾಕೆ ಕೊಡಲ್ಲ ಅಂಕಲ್?” ಎಂದು ಅವಳು ಬಾಗಿಲಲ್ಲೇ ನಿಂತು ಎರಡೆರಡು ಸಲ ಕೇಳಿದ್ದಳು. “ನಿಂಗೇ ಗೊತ್ತಲ್ಲಮ್ಮ,” ಎಂದಷ್ಟೇ ಹೇಳಿ ಇವರು ಬಾಗಿಲು ಹಾಕಿಕೊಂಡಿದ್ದರು.