ಬೆನ್ನುದ್ದದ ಕೂದಲು

ಆ ರಾಕ್ ಹಾಡುಗಾರ ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ಹತ್ತು ಗಂಟೆಗೆಲ್ಲ, ಅವನ ಹಾಡು ಕೇಳುತ್ತಲೇ ಬೆಳೆದ ಹುಡುಗ ಪಿಳ್ಳಣ್ಣನ ಕ್ಷೌರದಂಗಡಿಯಲ್ಲಿ ಕೂತು, ಬೆನ್ನುದ್ದದ ಕೂದಲಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿದ.

"ಪೂರ್ತಿ ಬೋಳಿಸಿಬಿಡಿ, ಪಿಳ್ಳಣ್ಣ."

ಯಾರೋ ಹೋಗಿ ಹೇಳಿರಬೇಕು, ಚಿಕ್ಕಪ್ಪ ಏದುಸಿರು ಬಿಡುತ್ತಾ ಬಂದರು.

"ಹೋದ ವರ್ಷ ನಿಮ್ಮಪ್ಪ ಸತ್ತಾಗ ಪುರೋಹಿತರು ಕೈಮುಗಿದು ಕೇಳಿದ್ರು, ಒಂದೆಳೆ ಕೂದಲು ಕೊಡಲಿಲ್ಲ ನೀನು. ಈಗ ಯಾವನೋ ಗಿಟಾರು ಬಡಿಯೋನಿಗೆ ಮುಡಿ ಕೊಡ್ತೀಯಾ? ಅವನೇನು ನಿನ್ನ ಹೆತ್ತಿದ್ನಾ?"

"ಹೆತ್ತಿರಲಿಲ್ಲ. ಅಮ್ಮ ಹೋದ ಮೇಲೆ ಮೂರು ತಿಂಗಳು ನಮ್ಮನೇಲಿ ಮಾತೇ ಇರಲಿಲ್ಲ, ಚಿಕ್ಕಪ್ಪ. ಮೊದಲು ಬಾಯಿ ಬಿಟ್ಟೋನು ಅವನೇ, ಟೇಪ್ ರೆಕಾರ್ಡರಿನಲ್ಲಿ."

"ಬರೋ ವಾರ ಅಣ್ಣನ ವರ್ಷದ ತಿಥಿ. ಆ ಹಾಡುಗಾರನಿಗಂತ ಬೋಳಿಸಿದ ತಲೇಲಿ ಬಂದ್ರೆ ಪಿಂಡ ಮುಟ್ಟೋಕೆ ಬಿಡಲ್ಲ."

"ಇದೇ ತಲೇಲಿ ಬರ್ತೀನಿ. ನಾನೇ ಪಿಂಡ ಇಡ್ತೀನಿ. ತಡೀರಿ, ನೋಡೋಣ."

ಚಿಕ್ಕಪ್ಪ ಪಿಳ್ಳಣ್ಣನ ಕತ್ತಿಯಿದ್ದ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. "ನೀನಾದ್ರೂ ಬುದ್ಧಿ ಹೇಳಯ್ಯ, ಪಿಳ್ಳಣ್ಣ. ಅಣ್ಣನ ಗಡ್ಡ ಮೂವತ್ತು ವರ್ಷ ಕೆರೆದೋನು ನೀನು."

ಪಿಳ್ಳಣ್ಣ ಮೆಲ್ಲಗೆ ಕೈ ಬಿಡಿಸಿಕೊಂಡು, ಹುಡುಗನ ನೆತ್ತಿಗೆ ನೀರು ಚಿಮುಕಿಸಿದ.

"ಕೊನೇ ಸಲ ಇದೇ ಕುರ್ಚೀಲಿ ಕೂತು ನಿಮ್ಮಣ್ಣಾವ್ರೇ ಹೇಳಿ ಹೋದ್ರು ಸ್ವಾಮಿ: 'ನಾನು ಸತ್ತಾಗ ನನ್ನ ಮಗನ ಕೂದಲು ಮುಟ್ಟಬೇಡ ಕಣೋ ಪಿಳ್ಳ, ಆ ಹಾಡುಗಾರ ಹೋದ ದಿನ ಬೋಳಿಸು, ನಂದು ಹೇಗೂ ಬೊಕ್ಕತಲೆ, ನನ್ನ ಪಾಲಿಂದೂ ಅವನೇ ಕೊಡಲಿ.'"