ಬಾಣಂತಿಗೆ ಅರ್ಧ ಲೋಟ

ಹುರಿದ ಬೆಳ್ಳುಳ್ಳಿಯ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಬೊಮ್ಮಸಂದ್ರದ ನಮ್ಮ ಮನೆಯ ಒಳಕೋಣೆಯಲ್ಲಿ ಅಮ್ಮ ಹತ್ತು ದಿನದ ತಮ್ಮನಿಗೆ ಹಾಲು ಕುಡಿಸುತ್ತಿದ್ದಳು. ಅವಳ ತಟ್ಟೆಯಲ್ಲಿ ಅನ್ನ, ಬೆಳ್ಳುಳ್ಳಿ, ಮೆಣಸಿನ ಪುಡಿ. ನೀರು ಮಾತ್ರ ಅರ್ಧ ಲೋಟ. ಬೆಳಿಗ್ಗೆ ಬಂದಿದ್ದ ನರ್ಸಮ್ಮ, "ಹಾಲು ಕುಡಿಸೋರಿಗೆ ನೀರು, ಸೊಪ್ಪು ಜಾಸ್ತಿ ಕೊಡಿ" ಅಂದಿದ್ದರು.

ಅವರು ಹೋದ ಮೇಲೆ ಅಜ್ಜಿ, "ನಾನು ನಾಕು ಮಕ್ಕಳ್ನ ಎತ್ತಿಲ್ವಾ? ನೀರು ಕುಡುದ್ರೆ ಒಟ್ಟೆ ಜೋತು ಬೀಳ್ತದೆ" ಅಂತ ಗೊಣಗಿ, ಅಮ್ಮ ನೀರು ಕುಡಿಯದ ಹಾಗೆ ನನ್ನನ್ನು ಬಾಗಿಲಲ್ಲಿ ಕಾವಲು ಕೂರಿಸಿದಳು.

ಮಧ್ಯಾಹ್ನ ಫ್ಯಾಕ್ಟರಿ ಸೈರನ್ ಕೂಗಿತು. ಅಮ್ಮ ಒಣಗಿದ ತುಟಿ ಸವರಿಕೊಂಡು, "ಪುಟ್ಟೀ, ಒಂದು ಲೋಟ ನೀರು ತಾರೇ" ಅಂದಳು.

ನಾನು ಜಾಣೆ. ಓಡಿಹೋಗಿ ಅಜ್ಜಿಗೆ ಹೇಳಿಬಿಟ್ಟೆ. ಅಜ್ಜಿ ಮೆಚ್ಚಿ ನನ್ನ ಬಾಯಿಗೆ ಬೆಲ್ಲ ಹಾಕಿದಳು.

ಬೆಲ್ಲ ತಿಂದು ಬಾಯಾರಿತು. ಅಮ್ಮನ ಎದುರಿಗೇ ನಿಂತು ಒಂದು ಚೊಂಬು ನೀರನ್ನು ಗಟಗಟ ಕುಡಿದೆ.